ಹಗ್ಗದ ಕೊನೆಯಲ್ಲಿ ಒಂದು ರೌಂಡ್

ಶಾಲೆಯಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಶಬ್ದಗಳಲ್ಲಿ ಮುಕ್ಕಾಲುಪಾಲು ನನಗೆ ಮರೆತುಹೋಗಿವೆ. ಮರೆಯದೆ ಉಳಿದದ್ದು ರೌಂಡ್. ಮರೆಯುವುದಾದರೂ ಹೇಗೆ? ಅದು ನನ್ನ ಹೆಸರಾಗಿತ್ತು. ಕಾರ್ಕಳದ ಹತ್ತಿರ ನಾನು ಕಲಿತ ಹೈಸ್ಕೂಲಿನಲ್ಲಿ ಒಂದು ದಿನ ಗಣಿತದ ಮೇಡಂ ಕೈವಾರ ಸಿಗದೆ ಬರಿಗೈಯಲ್ಲೇ ಬೋರ್ಡಿನ ಮೇಲೆ ವೃತ್ತ ಬರೆದರು. ಬರೆದು, ಸ್ವಲ್ಪ ಹಿಂದೆ ಸರಿದು ನೋಡಿ, ಇದು ಸರಿಯಾದ ರೌಂಡ್ ಆಗಲಿಲ್ಲ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಕಡೆ ಕೈ ತೋರಿಸಿ, "ಸರಿಯಾದದ್ದು ಇಲ್ಲಿ ಉಂಟಲ್ಲ ಮೇಡಂ" ಎಂದಳು. ತರಗತಿಯೆಲ್ಲ ನಕ್ಕಿತು. ಮೇಡಂ ಬೋರ್ಡಿನ ಕಡೆ ತಿರುಗಿಕೊಂಡರು, ಆದರೆ ಅವರ ಹೆಗಲು ಕುಣಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅಲ್ಲಿಂದ ಹತ್ತನೇ ಕ್ಲಾಸು ಮುಗಿಯುವವರೆಗೆ ನಾನು ರೌಂಡ್. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕರೆಯುವಾಗ ಮಾತ್ರ ಕೇಳಿಸುತ್ತಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆ ಹುಡುಗಿಯ ಜಡೆ ಹಿಡಿದು ಎಳೆದದ್ದೂ ಉಂಟು, ಅದಕ್ಕಾಗಿ ಬಿಸಿಲಲ್ಲಿ ನಿಂತದ್ದೂ ಉಂಟು. ಆದರೆ ದೊಡ್ಡವಳಾದ ಮೇಲೆ ನನ್ನ ಸಿಟ್ಟೆಲ್ಲ ಆ ಶಬ್ದದ ಮೇಲೆಯೇ ತಿರುಗಿತು. ಯಾಕೆಂದರೆ ನಮ್ಮ ಕಡೆ ಅಷ್ಟು ಮರ್ಯಾದೆ ಇರುವ ಶಬ್ದ ಇನ್ನೊಂದಿಲ್ಲ. ಮದುವೆಯ ಊಟದಲ್ಲಿ ಪಾಯಸ ಇನ್ನೊಂದು ರೌಂಡ್ ಬರಲಿ ಎಂದರೆ ಸಾಲಿಗೆ ಸಾಲೇ ನೆಟ್ಟಗೆ ಕೂರುತ್ತದೆ. ಸಂಜೆಯಾದರೆ ಗಂಡಸರು ಪೇಟೆಗೆ ಒಂದು ರೌಂಡ್ ಹೋಗಿ ಬರುತ್ತಾರೆ, ಏನೂ ತರುವುದಿಲ್ಲ, ಆದರೂ ಹೋಗಲೇಬೇಕು. ಜೂನ್ ತಿಂಗಳಲ್ಲಿ ಮಳೆ ಒಂದು ರೌಂಡ್ ಹೊಡೆದು ಹೋಗುತ್ತದೆ. ಹೆದ್ದಾರಿಯಲ್ಲಿ ಕೆಲಸ ನಡೆಯುವಾಗ ಸಂತೆಕಟ್ಟೆಯಲ್ಲಿ ಬಸ್ಸು ರೌಂಡ್ ಆಗಿ ಬರುತ್ತದೆ, ಕಂಡಕ್ಟರಿಗೆ ಬೈಯುತ್ತಲೇ ನಾವು ಕೂತಿರುತ್ತೇವೆ. ಕಾಪು ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಅಲ್ಲಿ ದಿನ ಬೆಳಗಾದರೆ ರೌಂಡ್ ನೆಕ್ಕಿನ ಮಾತು. ಕುತ್ತಿಗೆ ಗುಂಡಗೆ ಕೂತರೆ ಗಿರಾಕಿ ಕನ್ನಡಿಯ ಮುಂದಿನಿಂದ ಕದಲುವುದಿಲ್ಲ. ಊರಿಗೆಲ್ಲ ಇಷ್ಟು ಒಳ್ಳೆಯದಾದ ಶಬ್ದ ನನ್ನ ಮೈಗೆ ಬಂದಾಗ ಮಾತ್ರ ಬೈಗುಳವಾದದ್ದು ಯಾಕೆ ಎಂದು ನಾನು ಕೇಳುತ್ತಲೇ ಇದ್ದೆ. ಕೇಳುತ್ತಿದ್ದದ್ದು ಹೊಲಿಗೆ ಯಂತ್ರದ ಹತ್ತಿರ.

ನನ್ನನ್ನು ಕೊಟ್ಟದ್ದು ಎರ್ಮಾಳಿಗೆ. ಗದ್ದೆ, ಗುಡ್ಡೆ ನೋಡಿ ಬೆಳೆದವಳು ಕಡಲಿನ ಬಾಯಿಗೆ ಬಂದು ಬಿದ್ದೆ. ಗಂಡ ಮಲ್ಪೆಯ ಆಳಸಮುದ್ರದ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಹೋದರೆ ಹೋದರು, ನೆಟ್‌ವರ್ಕ್ ಸಿಕ್ಕಿದಾಗ ಒಂದು ಮೆಸೇಜು. ಮನೆಯಲ್ಲಿ ಇರುವವರು ನಾನು ಮತ್ತು ಅತ್ತೆ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುವುದು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮಾಮಿ ಅರವತ್ತರ ಹತ್ತಿರದವರು, ಒಣಗಿದ ಕಟ್ಟುಮಸ್ತಿನ ಮೈ, ಮೀನು ಮಾರಿ ಮಗನನ್ನು ಬೆಳೆಸಿದವರು. ನನ್ನನ್ನು ಕೆಟ್ಟದಾಗಿ ನಡೆಸಿಕೊಂಡವರಲ್ಲ. ಆದರೆ ಕಡಲ ಕರೆಯ, ಅಂದರೆ ದಡದ, ಹೆಂಗಸರೆಲ್ಲ ನನ್ನನ್ನು ಕರೆಯುತ್ತಿದ್ದದ್ದು ಮೇಲಿನವಳು ಎಂದು. ಮೇಲಿನವಳೆಂದರೆ ಘಟ್ಟದ ಬುಡದಿಂದ ಬಂದವಳು, ಕಡಲಿನ ಮಾತು ತಿಳಿಯದವಳು. ಮೀನು ಯಾವುದು ತಾಜಾ ಎಂದು ನಾನು ಹೇಳಿದರೆ ಅವರು ಇನ್ನೊಮ್ಮೆ ಕಿವಿರು ಎತ್ತಿ ನೋಡುತ್ತಿದ್ದರು. ಮದುವೆಯಾಗಿ ವರ್ಷಗಳೇ ಆಗಿದ್ದವು, ಆ ಹೆಸರು ಹೋಗಿರಲಿಲ್ಲ. ಅಲ್ಲಿ ರೌಂಡ್, ಇಲ್ಲಿ ಮೇಲಿನವಳು.

ಆ ಹೆಂಗಸರದ್ದೊಂದು ಹಗ್ಗಜಗ್ಗಾಟದ ತಂಡವಿತ್ತು, ಮಾಮಿಯೂ ಅದರಲ್ಲಿದ್ದರು. ಉಡುಪಿಯಿಂದ ಕಾರ್ಕಳದವರೆಗೆ ಎಲ್ಲಿ ಕ್ರೀಡಾಕೂಟ ನಡೆದರೂ ಇವರು ಟೆಂಪೋ ಹತ್ತಿ ಹೊರಟೇಬಿಡುತ್ತಿದ್ದರು. ಹಿರಿಯಡ್ಕದಲ್ಲಿ ಗೆದ್ದರು, ಕಾಪುವಿನಲ್ಲಿ ಗೆದ್ದರು. ಕಾರ್ಕಳದ ತಂಡವನ್ನು ಮಾತ್ರ ಒಮ್ಮೆಯೂ ಸೋಲಿಸಲು ಆಗಿರಲಿಲ್ಲ. ಅವರ ಜೆರ್ಸಿ ಹೊಲಿಯುವವಳು ನಾನೇ. ಬೆನ್ನಿನ ಅಗಲ, ತೋಳಿನ ಸುತ್ತಳತೆ ಎಲ್ಲ ನನಗೆ ಬಾಯಿಗೆ ಬರುತ್ತಿತ್ತು. ಹೊಲಿದು ಇಸ್ತ್ರಿ ಹಾಕಿ ಕೊಡುತ್ತಿದ್ದೆ, ಅವರು ಹಾಕಿಕೊಂಡು ಹೋಗುತ್ತಿದ್ದರು, ನಾನು ಗೇಟಿನಲ್ಲಿ ನಿಂತು ಟೆಂಪೋ ತಿರುವು ದಾಟುವವರೆಗೆ ನೋಡುತ್ತಿದ್ದೆ. ಆ ಹಗ್ಗದಲ್ಲಿ ನನಗೂ ಒಂದು ಜಾಗ ಬೇಕಿತ್ತು. ಬಾಯಿ ಬಿಟ್ಟು ಯಾರಲ್ಲಿಯೂ ಕೇಳಿರಲಿಲ್ಲ, ಆದರೆ ಬೇಕಿತ್ತು, ಬಹಳ ಬೇಕಿತ್ತು.

ಜಾಗ ಸಿಕ್ಕಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ತಂಡದಲ್ಲಿ ಹಗ್ಗದ ಕೊನೆಗೆ ನಿಲ್ಲುವವಳು ಮೈ ತುಂಬಿದ ಹೆಂಗಸು. ಕೊನೆಯವರು ಭಾರವಾಗಿದ್ದಷ್ಟೂ ಒಳ್ಳೆಯದು, ಎದುರಿನವರು ಎಳೆದಾಗ ಊರಿ ನಿಲ್ಲಬೇಕಾದವರು ಅವರೇ. ಆಕೆ ಬಾವಿಕಟ್ಟೆಯಲ್ಲಿ ಜಾರಿ ಕಾಲಿನ ಗಂಟು ಮುರಿದುಕೊಂಡಳು. ನಾನೂ ಮಾಮಿಯೂ ಗಂಜಿ, ಚಟ್ನಿ ಕಟ್ಟಿಕೊಂಡು ನೋಡಲು ಹೋದೆವು. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಡಾಕ್ಟರು ರೌಂಡ್ಸಿಗೆ ಬರಲಿ, ರೌಂಡ್ಸಿಗೆ ಬಂದ ಮೇಲೆ ಗೊತ್ತಾಗುತ್ತದೆ. ದೇವರ ದರ್ಶನಕ್ಕೂ ಜನ ಹಾಗೆ ಕಾಯುವುದಿಲ್ಲ. ಕೊನೆಗೆ ಡಾಕ್ಟರು ಬಂದರು, ಹಿಂದೆ ಮೂರು ನಾಲ್ಕು ಎಳೆಯ ಡಾಕ್ಟರುಗಳು. ಪಟ್ಟಿ ನೋಡಿದರು, ಈ ವರ್ಷ ಆಟ ಗೀಟ ಏನೂ ಇಲ್ಲ ಎಂದರು, ಮುಂದಿನ ಮಂಚಕ್ಕೆ ಹೋದರು.

ಆಕೆ ಅಳುತ್ತಾಳೆ ಎಂದುಕೊಂಡೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಾಮಿಗೆ ಹೇಳಿದಳು, "ಇವಳು ಉಂಟಲ್ಲ. ನನಗಿಂತ ಒಂದು ಕೈ ಹೆಚ್ಚೇ ಇದ್ದಾಳೆ."

ಮಾಮಿ ನನ್ನನ್ನು ನೋಡಿದರು. ಮನೆಗೆ ಮೀನು ತೆಗೆದುಕೊಳ್ಳುವಾಗ ಅವರು ನೋಡುವ ಹಾಗೆ. ನನಗೆ ಅವಮಾನವೂ ಆಯಿತು, ಖುಷಿಯೂ ಆಯಿತು. ಮತ್ತೆ ತೂಕವೇ, ಮತ್ತೆ ಈ ಗುಂಡು ಮೈಯೇ. ಆದರೆ ಜಾಗ ಜಾಗವೇ ಅಲ್ಲವೇ? ಮಾಮಿ ಏನೂ ಹೇಳುವ ಮೊದಲೇ ಆಗುತ್ತದೆ ಎಂದುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಉಡುಪಿ ದಾಟುವವರೆಗೂ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ನಮ್ಮ ಕೋಚ್ ಎಂದರೆ ಎರ್ಮಾಳಿನಲ್ಲಿ ರಿಕ್ಷಾ ಓಡಿಸುವವರು. ಎಲ್ಲರಿಗೂ ಅಣ್ಣ. ಹರೆಯದಲ್ಲಿ ಗಂಡಸರ ತಂಡದಲ್ಲಿ ಎಳೆದವರು. ತಯಾರಿಗೆ ಜಿಮ್ಮಿಗೆ ಹೋಗುವ ಎಂದು ಒಬ್ಬಳು ಹೇಳಿದ್ದಕ್ಕೆ ಅಣ್ಣನಿಗೆ ನಗು ಬಂತು. ಕಡಲ ಬದಿಯಲ್ಲಿ ಹುಟ್ಟಿ ಕಬ್ಬಿಣ ಎತ್ತಲು ದುಡ್ಡು ಕೊಡುತ್ತೀರಾ, ನಾಳೆಯಿಂದ ಕೈರಂಪಣಿಗೆ ಬನ್ನಿ ಎಂದರು.

ಕೈರಂಪಣಿ ನೋಡದವರಿಗೆ ಅದನ್ನು ಸ್ವಲ್ಪ ಹೇಳಬೇಕು. ದೋಣಿ ಬಲೆ ಹೊತ್ತು ಕರೆಯಿಂದ ಹೊರಡುತ್ತದೆ, ಕಡಲಿನಲ್ಲಿ ಬಲೆ ಬಿಡುತ್ತಾ ಬಿಡುತ್ತಾ ಅರ್ಧ ಸುತ್ತು ಬಂದು ದೂರದಲ್ಲಿ ಮತ್ತೆ ಕರೆ ಸೇರುತ್ತದೆ. ಬಲೆಯ ಎರಡು ತುದಿಗೆ ಎರಡು ಉದ್ದ ಹಗ್ಗ. ಒಂದೊಂದು ಹಗ್ಗಕ್ಕೂ ಒಂದೊಂದು ಗುಂಪು. ಇಬ್ಬದಿಯವರೂ ಕಡಲಿಗೆ ಮುಖ ಮಾಡಿ, ಹೊಯಿಗೆಯಲ್ಲಿ, ಎಂದರೆ ಮರಳಿನಲ್ಲಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎಳೆಯಬೇಕು. ಹಾಗೆ ಹಿಂದೆ ಹೋಗುತ್ತಾ ಕೊನೆಯವರು ಗಾಳಿಮರಗಳ ಸಾಲಿಗೆ ಬಂದು ಮುಟ್ಟುತ್ತಾರೆ. ಮುಟ್ಟಿದ ಕೂಡಲೇ ಅವರು ಹಗ್ಗ ಬಿಟ್ಟು ಕೆಳಗೆ ಓಡಿ, ನೀರಿನ ಬದಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಮತ್ತೆ ಹಿಡಿಯಬೇಕು. ಈಗ ಇನ್ನೊಬ್ಬರು ಕೊನೆಯವರು. ಅವರೂ ಮರ ಮುಟ್ಟಿದಾಗ ಬಿಟ್ಟು ಓಡುತ್ತಾರೆ. ಬಲೆ ದಡಕ್ಕೆ ಬರುವವರೆಗೂ ಹೀಗೆ ಸುತ್ತುತ್ತಲೇ ಇರುತ್ತಾರೆ. ಹಿಂದೆ ಇದು ಗಂಡಸರ ಕೆಲಸ. ಈಗ ಅವರೆಲ್ಲ ಮಲ್ಪೆಯ ಬೋಟುಗಳಿಗೆ ಹೋಗುವುದರಿಂದ ಹಗ್ಗಕ್ಕೆ ಹೆಂಗಸರೂ ಸೇರುತ್ತಾರೆ. ಮಾಮಿಯಂತೂ ಗಂಡ ತೀರಿಕೊಂಡಲ್ಲಿಂದ ಎಳೆಯುತ್ತಾ ಬಂದವರು.

ಒಮ್ಮೆ ಕೊನೆಗೆ ಹೋಗಿ ಮುಂದೆ ಓಡಿ ಬಂದರೆ ಅದಕ್ಕೂ ಒಂದು ರೌಂಡ್ ಎಂದೇ ಹೇಳುವುದು. ಮೊದಲ ದಿನ ಎರಡು ರೌಂಡಿಗೆ ನನ್ನ ಉಸಿರು ಗಂಟಲಿಗೆ ಬಂತು. ಅಂಗೈಯಲ್ಲಿ ಬೊಕ್ಕೆ ಎದ್ದವು. ಮರು ದಿನ ಅಂಗಡಿಯಲ್ಲಿ ಸೂಜಿಗೆ ನೂಲು ಪೋಣಿಸಲು ಆಗದೆ ಗಿರಾಕಿಗಳ ಹತ್ತಿರವೇ ಪೋಣಿಸಿಕೊಂಡೆ. ಆದರೆ ಏನು ಹೇಳಲಿ ಆ ಸುಖ! ಹಗ್ಗ ಹಿಡಿದ ಮೇಲೆ ನೀರಿನ ಭಾರ ಕೈಯಿಂದ ಹೆಗಲಿಗೆ, ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ನನ್ನ ಸೊಂಟಕ್ಕೆ ಇಳಿದ ಭಾರ ಅಲ್ಲಿಯೇ ನಿಂತುಬಿಡುತ್ತಿತ್ತು. ಐಲೇಸಾ ಎಂದು ಎಲ್ಲರೂ ಒಟ್ಟಿಗೆ ಕೂಗಿ ಎಳೆದಾಗ ನನ್ನ ಹಿಮ್ಮಡಿ ಹೊಯಿಗೆಯಲ್ಲಿ ಗುಂಡಿ ಮಾಡುತ್ತಿತ್ತು. ಈ ಮೈಯನ್ನು ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೆ, ಅದರಿಂದ ಕೆಲಸ ತೆಗೆದದ್ದು ಅದೇ ಮೊದಲು.

ವಾರಗಳು ಕಳೆದವು. ಹಗ್ಗದ ಹಿಡಿತ ಕೈಗೆ ಬಂತು, ಓಟ ಕಾಲಿಗೆ ಬಂತು. ಮೊದಮೊದಲು ನಾನು ಮರದ ಹತ್ತಿರ ಬಂದದ್ದು ಗೊತ್ತಾಗದೆ ಎಳೆಯುತ್ತಲೇ ಇರುತ್ತಿದ್ದೆ. ಮಾಮಿ ಕೆಳಗಿನಿಂದ ಬೈಯುತ್ತಿದ್ದರು, ಮರ ಹತ್ತುತ್ತೀಯಾ ಎಂದು. ಕಡೆಗೆ ಹಿಮ್ಮಡಿಗೆ ಗಾಳಿಮರದ ಬೇರು ತಾಗಿದರೆ ಸಾಕು, ಕೈ ತಾನಾಗಿ ಬಿಡುವಷ್ಟಾಯಿತು. ಒಂದು ಬೆಳಿಗ್ಗೆ ಬಲೆಯ ತುಂಬ ಬಂಗುಡೆ ಬಂತು. ದಡದಲ್ಲಿ ಮೀನಿನ ಬೆಳ್ಳಿ ಕುಣಿತ, ಕಾಗೆಗಳ ಗಲಾಟೆ, ಹೆಂಗಸರ ಬೊಬ್ಬೆ. ನಾನೂ ಮೊಣಕಾಲ ನೀರಿನಲ್ಲಿ ನಿಂತು ಬೊಬ್ಬೆ ಹಾಕಿದೆ. ಆದರೂ ಪಾಲು ಹಾಕುವಾಗ ಬುಟ್ಟಿ ಹಿಡಿದಿದ್ದವರೊಬ್ಬರು ಮೇಲಿನವಳಿಗೂ ಒಂದಿಷ್ಟು ಹಾಕಿ ಎಂದರು. ಮೀನು ಚೆನ್ನಾಗಿತ್ತು. ಮನಸ್ಸಿಗೆ ಮಾತ್ರ ಚುಚ್ಚಿತು.

ಕಾರ್ಕಳದ ಕ್ರೀಡಾಕೂಟ ಬಂದೇಬಿಟ್ಟಿತು. ಭಾನುವಾರ ಬೆಳಿಗ್ಗೆ ಪಡುಬಿದ್ರಿ ದಾಟಿ ಬೆಳ್ಮಣ್ಣಿನ ದಾರಿಯಲ್ಲಿ ನಮ್ಮ ಟೆಂಪೋ ಏರತೊಡಗಿತು. ಎಲ್ಲರೂ ಹಾಡುತ್ತಿದ್ದರು, ನಾನು ಮೈಲುಗಲ್ಲು ಎಣಿಸುತ್ತಿದ್ದೆ. ತವರಿನ ದಾರಿ ಅದು. ಅಲ್ಲಿ ನನಗೊಂದು ಲೆಕ್ಕ ತೀರಿಸುವುದೂ ಇತ್ತು. ಹಿಂದಿನ ವರ್ಷ ಗೆದ್ದ ಕಾರ್ಕಳ ತಂಡದ ಫೋಟೋ ವಾಟ್ಸಾಪಿನಲ್ಲಿ ಬಂದಿದ್ದಾಗ ಮುಂದೆ ಬಹುಮಾನದ ಕಪ್ಪು ಹಿಡಿದು ನಿಂತವಳನ್ನು ನಾನು ದೊಡ್ಡದು ಮಾಡಿ ನೋಡಿದ್ದೆ. ಅದೇ ಹಿಂದಿನ ಬೆಂಚಿನ ಹುಡುಗಿ. ಮುಖ ಸ್ವಲ್ಪ ತುಂಬಿತ್ತು, ಆ ನಗು ಹಾಗೆಯೇ ಇತ್ತು. ಅವಳ ಎದುರು ಗೆಲ್ಲಬೇಕು, ಅದೂ ಈ ಮೈಯಿಂದಲೇ ಗೆಲ್ಲಬೇಕು ಎಂದು ನಾನು ಅಂದೇ ಗಟ್ಟಿ ಮಾಡಿಕೊಂಡಿದ್ದೆ. ಗೆದ್ದರೆ ಅಲ್ಲಿಯ ಹೆಸರೂ ಹೋಗುತ್ತದೆ, ಇಲ್ಲಿಯ ಹೆಸರೂ ಹೋಗುತ್ತದೆ ಎನ್ನುವುದು ನನ್ನ ಎಣಿಕೆ.

ಮೈದಾನದ ಬಾಗಿಲಲ್ಲಿ ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಎಂಟು ಜನರ ಒಟ್ಟು ತೂಕಕ್ಕೆ ಒಂದು ಮಿತಿ ಇರುತ್ತದೆ. ನನ್ನ ಸರದಿ ಬಂದಾಗ ಹಿಂದಿನಿಂದ ಒಂದು ದನಿ ಕೇಳಿತು.

"ಓ ರೌಂಡ್, ನೀನಾ ಮಾರಾಯ್ತಿ? ಎಷ್ಟು ವರ್ಷ ಆಯ್ತು ನಿನ್ನನ್ನು ನೋಡದೆ."

ತಿರುಗಿದರೆ ಅವಳೇ. ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನಿಜವಾದ ಸಂತೋಷ. ಅವಳಿಗೆ ಅದು ಬೈಗುಳವೆಂದು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಅದೇ ನನಗೆ ಮೈಯೆಲ್ಲ ಉರಿ ಹತ್ತಿಸಿತು. ಬೇಕೆಂದೇ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಹಲ್ಲು ಕಿರಿದು, ಮನೆಯಲ್ಲೆಲ್ಲ ಸೌಖ್ಯವಾ ಎಂದು ಕೇಳಿದೆ. ಪಕ್ಕದಲ್ಲಿದ್ದ ಮಾಮಿ ಇಬ್ಬರ ಮುಖವನ್ನೂ ನೋಡಿದರು.

ಆಟ ಶುರುವಾಗುವ ಮೊದಲು ಮೈಕಿನಲ್ಲಿ ನಿಯಮ ಹೇಳಿದರು. ಎಂಟೆಂಟು ಜನ, ಮೂರರಲ್ಲಿ ಎರಡು ರೌಂಡ್ ಗೆದ್ದವರು ಗೆದ್ದಂತೆ, ಪ್ರತಿ ರೌಂಡಿಗೂ ಬದಿ ಬದಲು, ಮೂರನೆಯದು ಬೇಕಾದರೆ ಟಾಸ್. ಕೊನೆಯವರು ಹಗ್ಗವನ್ನು ಹೆಗಲಿಗೆ ಸುತ್ತಿಕೊಳ್ಳುವ ಕ್ರಮ ಕೆಲವು ಕಡೆ ಉಂಟು. ಇಲ್ಲಿ ಅದನ್ನು ಬಿಡುವುದಿಲ್ಲ, ಮೈಗೆ ಒಂದು ರೌಂಡ್ ಕೂಡ ಹಾಕುವಂತಿಲ್ಲ, ಕೈಯಲ್ಲೇ ಹಿಡಿಯಬೇಕು ಎಂದರು. ನಮಗೆ ತೊಂದರೆ ಇರಲಿಲ್ಲ, ಕೈರಂಪಣಿಯಲ್ಲಿ ಯಾರು ಮೈಗೆ ಸುತ್ತಿಕೊಳ್ಳುತ್ತಾರೆ?

ಮೊದಲ ಆಟಗಳನ್ನು ನಾವು ಸುಲಭವಾಗಿ ಗೆದ್ದೆವು. ಒಂದು ತಂಡವಂತೂ ಪೀಪಿ ಊದಿದ ಮೇಲೆ ಇನ್ನೂ ಕಾಲು ಸರಿ ಮಾಡಿಕೊಳ್ಳುತ್ತಿರುವಾಗಲೇ ನಮ್ಮ ಕಡೆಗೆ ಬಂದು ಬಿದ್ದಿತು. ಪ್ರತಿ ಗೆಲುವಿಗೂ ಅಣ್ಣ ರಿಕ್ಷಾದ ಹಾರ್ನನ್ನು ಬಾಯಲ್ಲೇ ಹೊಡೆಯುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಅನ್ನ, ಸಾರು. ಅನ್ನ ಎರಡನೇ ರೌಂಡ್ ಬಂದಾಗ ಮಾಮಿ ನನ್ನ ಬಾಳೆಲೆಗೆ ಕೈ ಅಡ್ಡ ಹಿಡಿದರು. ಇಂದು ಬೇಡ, ಮನೆಗೆ ಹೋಗಿ ಬೇಕಾದಷ್ಟು ತಿನ್ನು ಎಂದರು. ಬೇರೆ ದಿನವಾದರೆ ಜಗಳವಾಗುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಫೈನಲ್. ಎದುರಿಗೆ ಕಾರ್ಕಳ. ಅವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವಳು, ನಮ್ಮ ಸಾಲಿನ ಕೊನೆಯಲ್ಲಿ ನಾನು, ನಡುವೆ ನಮ್ಮ ತಂಡದ ಹೆಂಗಸರು. ನನ್ನ ಮುಂದೆಯೇ ಮಾಮಿ. ಅವರ ಬೆನ್ನಿನ ಜೆರ್ಸಿ ಬೆವರಿಗೆ ಅಂಟಿಕೊಂಡಿತ್ತು, ಹೊಲಿಗೆ ಮಾತ್ರ ಗಟ್ಟಿ ಇತ್ತು. ಪೀಪಿ ಊದಿತು. ಕಾರ್ಕಳದವರು ಎಳೆದ ಎಳೆತಕ್ಕೆ ನಾವೆಲ್ಲ ಅರ್ಧ ಹೆಜ್ಜೆ ಮುಂದೆ ಹೋದೆವು. ನಾನು ಕೂತೆ. ನಿಜವಾಗಿ ಕೂತಂತೆಯೇ, ಮೈಯ ಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟೆ. ಹಗ್ಗ ನಿಂತಿತು. ಮಾಮಿ ಐಲೇಸಾ ಎಂದರು. ಕಡಲು ಅಲ್ಲಿಲ್ಲ, ಕೆಂಪು ಮಣ್ಣು, ಸುತ್ತ ಜನ. ಆದರೂ ಆ ಕೂಗಿಗೆ ಎಂಟು ಸೊಂಟವೂ ಒಟ್ಟಿಗೆ ಹಿಂದೆ ಹೋಯಿತು. ಇನ್ನೊಂದು ಐಲೇಸಾ. ಇನ್ನೊಂದು. ಹಗ್ಗದ ನಡುವಿಗೆ ಕಟ್ಟಿದ ಕೆಂಪು ರಿಬ್ಬನ್ನು ನಮ್ಮ ಗೆರೆ ದಾಟಿತು. ನಾನು ಎದ್ದು ಕುಣಿದೆ, ಈ ವಯಸ್ಸಿನಲ್ಲಿ, ಅಷ್ಟು ಜನರ ಎದುರು. ನನ್ನ ಊರಿನವರು ಕೂಡ ಚಪ್ಪಾಳೆ ತಟ್ಟುತ್ತಿದ್ದರು.

ಬದಿ ಬದಲಾಯಿತು. ಈ ಬದಿಯಲ್ಲಿ ಮೈದಾನದ ಅಂಚಿಗೆ ಕೆಂಪು ಕಲ್ಲಿನ ತಗ್ಗಾದ ಕಟ್ಟೆ, ಅದು ನನ್ನ ಬೆನ್ನ ಹಿಂದೆಯೇ. ಎರಡನೇ ರೌಂಡಿನಲ್ಲಿ ಕಾರ್ಕಳದವರು ಹುಷಾರಾಗಿದ್ದರು, ಆದರೆ ನಮ್ಮ ಲಯ ಕೂತುಬಿಟ್ಟಿತ್ತು. ನಾವು ಬರುತ್ತಿದ್ದೆವು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ರಿಬ್ಬನ್ನು ಗೆರೆ ದಾಟಲು ಇನ್ನು ಒಂದು ಮೊಳ ಇತ್ತು. ಎದುರಿನವಳ ಮುಖ ಕೆಂಪಾಗಿ ಬಾಯಿ ತೆರೆದಿತ್ತು, ಅಲ್ಲಿಂದ ನನಗೆ ಕಾಣುತ್ತಿತ್ತು. ಕಪ್ಪು ನಮ್ಮದೇ. ಆಗ ನನ್ನ ಹಿಮ್ಮಡಿಗೆ ಆ ಕಟ್ಟೆ ತಾಗಿತು.

ನನ್ನ ಕೈ ಬಿಟ್ಟಿತು.

ಬಿಟ್ಟದ್ದು ಮಾತ್ರವಲ್ಲ, ನಾನು ಓಡಿದೆ. ಹಗ್ಗದ ಬದಿಯಲ್ಲಿ, ಮಾಮಿಯನ್ನು ದಾಟಿ, ಎಲ್ಲರನ್ನೂ ದಾಟಿ, ಮುಂದೆ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ತಲೆ ಎತ್ತಿದರೆ ಎದುರಿಗೆ ಕಡಲಿಲ್ಲ, ಆ ಹಿಂದಿನ ಬೆಂಚಿನವಳ ಮುಖ, ಒಂದು ಮಾರು ದೂರದಲ್ಲಿ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಷ್ಟರಲ್ಲಿ ಹಿಂದೆ ಭಾರವಿಲ್ಲದ ನಮ್ಮ ತಂಡ ಒಬ್ಬರ ಮೇಲೊಬ್ಬರು ಬಿದ್ದು, ಹಗ್ಗ ಸರ್ರನೆ ಅತ್ತ ಹೋಯಿತು. ರೆಫರಿಗೆ ಪೀಪಿ ಊದಲೂ ಆಗುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೈದಾನವೇ ನಗುತ್ತಿತ್ತು. ತರಗತಿ ನಕ್ಕದ್ದು ಅದರ ಮುಂದೆ ಏನೂ ಅಲ್ಲ.

ನಾನು ಮಣ್ಣಿನಲ್ಲಿ ಕೂತೆ. ಮುಖ ಮುಚ್ಚಿಕೊಂಡು ಅತ್ತೆ, ಅತ್ತದ್ದು ನಾಚಿಕೆಯಿಂದಲ್ಲ, ಸಿಟ್ಟಿನಿಂದ. ಗೆದ್ದಿದ್ದೆವು, ಕೈಯಾರೆ ಬಿಟ್ಟೆ. ಅಣ್ಣ ಓಡಿ ಬಂದರು. ಬೈಯಲಿಲ್ಲ ಪಾಪ. ತಪ್ಪು ತಮ್ಮದೇ, ಕೈರಂಪಣಿಗೆ ಕರೆದುಕೊಂಡು ಹೋಗಬಾರದಿತ್ತು ಎಂದರು. ಟಾಸ್‌ನಲ್ಲಿ ಮತ್ತೆ ಅದೇ ಬದಿ ಬಂದಿತ್ತು, ಅದೇ ಕಲ್ಲಿನ ಕಟ್ಟೆ. ಹಗ್ಗದ ಕೊನೆಗೆ ಮಾಮಿ ನಿಲ್ಲಲಿ, ಇವಳು ನಡುವಿಗೆ ಬರಲಿ ಎಂದು ಅಣ್ಣ ಹೇಳಿದರು. ಇಬ್ಬರು ಮೂವರು ಹೌದು ಹೌದು ಎಂದರು. ನನಗೂ ಅದೇ ಸರಿ ಕಂಡಿತು. ನನ್ನನ್ನು ಬಿಟ್ಟುಬಿಡಿ, ಬದಲಿಗೆ ಬೇರೆಯವರನ್ನು ಹಾಕಿ ಎಂದು ನಾನೇ ಹೇಳಿದೆ.

ಮಾಮಿ ಸೆರಗಿಲ್ಲದ ಜೆರ್ಸಿಯ ತೋಳಿನಲ್ಲೇ ಮುಖ ಒರೆಸಿಕೊಂಡರು. ಅವರು ನಗುತ್ತಿದ್ದರು ಎಂದು ಆಗ ನನಗೆ ಗೊತ್ತಾಯಿತು. ಗೇಲಿಯ ನಗು ಅಲ್ಲ. ಆ ನಗುವನ್ನು ಅವರು ಮಗ ಬೋಟಿನಿಂದ ಇಳಿದು ಬರುವಾಗ ನಗುತ್ತಾರೆ.

"ಇವಳನ್ನು ಕೊನೆಯಿಂದ ತೆಗೆಯುವುದು ಬೇಡ," ಎಂದರು ಅಣ್ಣನಿಗೆ. "ನಾವೆಲ್ಲ ಹುಟ್ಟಿದಲ್ಲಿಂದ ಕಡಲು ನೋಡಿದವರು, ನಮಗೆ ಇದು ಮೈದಾನ ಅಂತ ನೆನಪಿತ್ತು. ಇವಳಿಗೆ ಅದೂ ಮರೆತುಹೋಯಿತು. ಮೇಲಿನವಳಂತೆ, ಮೇಲಿನವಳು! ನಮ್ಮಲ್ಲಿ ಕಡಲಿನವಳು ಅಂತ ಇದ್ದರೆ ಇವಳೊಬ್ಬಳೇ."

ಆಮೇಲೆ ನನ್ನ ತೋಳು ಹಿಡಿದು ಎಬ್ಬಿಸಿದರು. ಮುಖ ನೋಡಿ ಮೆಲ್ಲಗೆ, "ಕಟ್ಟೆ ತಾಗಿದರೆ ತಾಗಲಿ. ನಾನು ಹೇಳುವವರೆಗೆ ಬಿಡಬೇಡ, ಆಯ್ತಾ ಮಗಾ?" ಎಂದರು. ಪಾಲಿನ ದಿನ ಬುಟ್ಟಿ ಹಿಡಿದಿದ್ದವರು ಬಂದು ನನ್ನ ಅಂಗೈಗೆ ಒಣ ಮಣ್ಣು ತಿಕ್ಕಿ ಕೊಟ್ಟರು.

ಮೂರನೇ ರೌಂಡ್. ಜನ ಗೆರೆಯವರೆಗೆ ಬಂದು ನಿಂತಿದ್ದರು, ಎಲ್ಲರಿಗೂ ನಾನು ಮತ್ತೆ ಓಡುವುದನ್ನು ನೋಡಬೇಕಿತ್ತು. ಪೀಪಿ ಊದಿತು. ಈ ಸಲ ಹಗ್ಗ ಯಾವ ಕಡೆಗೂ ಹೋಗಲಿಲ್ಲ. ಅವರೂ ಕೂತರು, ನಾವೂ ಕೂತೆವು. ಹಗ್ಗ ಬಿಗಿದು ಕಿರುಗುಟ್ಟಿತು. ಎಷ್ಟು ಹೊತ್ತು ಹಾಗೆ ನಿಂತೆವೋ ಗೊತ್ತಿಲ್ಲ, ನನಗೆ ಮಾಮಿಯ ಕುತ್ತಿಗೆಯ ಹಿಂದಿನ ನರ ಮಾತ್ರ ಕಾಣುತ್ತಿತ್ತು. ತೊಡೆ ನಡುಗತೊಡಗಿತು. ಕಾರ್ಕಳದವರು ಒಂದು ಜಗ್ಗು ಜಗ್ಗಿದರು, ನಾವು ಮುಂದೆ ಹೋದೆವು, ಗೆರೆ ಹತ್ತಿರ ಬಂತು, ಯಾರೋ ನಮ್ಮವರು ಅಮ್ಮಾ ಎಂದರು. ನಾನು ಇನ್ನೂ ಕೆಳಗೆ ಕೂತೆ. ಈ ಮೈಯಲ್ಲಿ ಎಷ್ಟು ಭಾರ ಇದೆಯೋ ಅಷ್ಟನ್ನೂ, ಅಮ್ಮನ ಮನೆಯ ಕುಚ್ಚಲಕ್ಕಿಯ ಭಾರ, ಎರ್ಮಾಳಿನ ಮೀನಿನ ಭಾರ, ಒಂದು ಗುಂಜಿಯೂ ಉಳಿಸದೆ ಆ ಹಗ್ಗಕ್ಕೆ ಕೊಟ್ಟೆ. ನಿಂತಿತು.

ಐಲೇಸಾ ಎಂದರು ಮಾಮಿ. ದನಿ ಬಿರಿದಿತ್ತು. ನಾವು ಒಂದು ಹೆಜ್ಜೆ ಹಿಂದೆ ಬಂದೆವು. ಅವರ ನಡುವಿನಲ್ಲಿ ಒಬ್ಬಳ ಕಾಲು ಜಾರಿತು. ಐಲೇಸಾ. ಇನ್ನೊಂದು ಹೆಜ್ಜೆ. ಜನರ ಕೂಗಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಹೆಜ್ಜೆ ಮಾತ್ರ ಗೊತ್ತಾಗುತ್ತಿತ್ತು. ಮತ್ತೆ ಹಿಮ್ಮಡಿಗೆ ಕಟ್ಟೆ ತಾಗಿತು. ಬೆರಳೆಲ್ಲ ಬಿಡಲು ಎದ್ದು ನಿಂತವು, ಕಾಲು ಓಡಲು ಎದ್ದು ನಿಂತಿತು. ಕಣ್ಣು ಮುಚ್ಚಿ ಹಲ್ಲು ಕಚ್ಚಿದೆ. ಕಟ್ಟೆಯನ್ನೇ ಒದೆದು ಎಳೆದೆ. ಕಣ್ಣು ಮುಚ್ಚಿಯೇ ಎಳೆದೆ, ಹಗ್ಗ ಹಗುರಾಗುತ್ತಾ ಬಂತು, ಆದರೂ ಎಳೆದೆ.

ಏನೋ ಮೈಮೇಲೆ ಬಿತ್ತು. ಆಮೇಲೆ ಇನ್ನೊಂದು. ನಮ್ಮ ಹೆಂಗಸರು ನನ್ನ ಮೇಲೆ ಬೀಳುತ್ತಿದ್ದರು, ಅಳುತ್ತಿದ್ದರು, ನನ್ನ ಕೆನ್ನೆ ಹಿಂಡುತ್ತಿದ್ದರು. ಅಣ್ಣ ಎಲ್ಲಿಯೋ ಹಾರ್ನ್ ಹೊಡೆಯುತ್ತಿದ್ದರು. ಕಪ್ಪು ಕೊಡಲು ಮೈಕಿನಲ್ಲಿ ನಮ್ಮನ್ನು ಕರೆಯುತ್ತಿದ್ದರು. ಎಲ್ಲರೂ ಎದ್ದು ಅತ್ತ ಓಡಿದರು. ನಾನು ಮಾತ್ರ ಹಾಗೆಯೇ ಕಟ್ಟೆಗೆ ಕಾಲು ಕೊಟ್ಟು ಬಿದ್ದಿದ್ದೆ, ಹಗ್ಗ ಇನ್ನೂ ಎರಡೂ ಕೈಯಲ್ಲಿ.

ಮಾಮಿ ತಿರುಗಿ ಬಂದರು. ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೂತು ಕೈ ಬಿಡಿಸಲು ನೋಡಿದರು, ಬೆರಳು ಬಿಡಿಸಿಕೊಳ್ಳಲಿಲ್ಲ.

"ಗೆದ್ದಾಯಿತು ಮಗಾ," ಎಂದರು. "ಇನ್ನು ಬಿಡು."

ಬಿಟ್ಟೆ.